ನೆರೆಮನೆಯ ಸೂರಿಗೊಂದು ಶನಿವಾರ

ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಎಣ್ಣೆಬಾವಿಗಳ ಊರು. ಎಣ್ಣೆಯ ದುಡ್ಡಿನಲ್ಲಿ ದೊಡ್ಡ ದೊಡ್ಡ ಮನೆ ಕಟ್ಟಿಸಿಕೊಂಡವರೂ ಅಲ್ಲಿದ್ದರು, ಅದೇ ಊರಿನ ಮತ್ತೊಂದು ಮಗ್ಗುಲಲ್ಲಿ ಕೊಳೆತ ಹಲಗೆ, ಒಡೆದ ಕಿಟಕಿಯ ಮನೆಗಳಲ್ಲಿ ಮುಪ್ಪು ಕಳೆಯುತ್ತಿದ್ದವರೂ ಇದ್ದರು. 1973ರ ಏಪ್ರಿಲ್ ತಿಂಗಳಲ್ಲಿ ಬಾಬಿ ಟ್ರಿಂಬಲ್ ಎಂಬವರು ತಮ್ಮ ಚರ್ಚಿನ ಗೆಳೆಯರನ್ನು ಕಟ್ಟಿಕೊಂಡು ಆ ಮಗ್ಗುಲಿಗೆ ಹೋದರು. ಮಾಡಿದ್ದು ಮಹಾ ಕೆಲಸವೇನಲ್ಲ. ಕಿತ್ತುಹೋದದ್ದನ್ನು ಕೂಡಿಸಿದರು, ಮುರಿದದ್ದನ್ನು ಬದಲಿಸಿದರು, ಬಣ್ಣ ಬಳಿದರು. ಏಪ್ರಿಲ್‌ನಲ್ಲೇ ಕ್ರಿಸ್‌ಮಸ್ ಬಂದ ಹಾಗಾಯಿತಲ್ಲ ಎಂದು ಅಲ್ಲಿನವರೊಬ್ಬರು ಖುಷಿಯಿಂದ ಆಡಿದ ಮಾತು ಊರ ಬಾಯಿಗೆ ಬಿತ್ತು. ಆ ಚಟುವಟಿಕೆಗೆ ‘ಕ್ರಿಸ್‌ಮಸ್ ಇನ್ ಏಪ್ರಿಲ್’ ಎಂಬ ಹೆಸರೇ ನಿಂತಿತು.

ಸುದ್ದಿ ‘ರೀಡರ್ಸ್ ಡೈಜೆಸ್ಟ್’ ಪತ್ರಿಕೆಯ ಟ್ರೆವರ್ ಆರ್ಮ್‌ಬ್ರಿಸ್ಟರ್ ಅವರ ಕಿವಿಗೂ ಬಿತ್ತು. ಅವರು ಕೇಳಿ ಸುಮ್ಮನಾಗಲಿಲ್ಲ, ರಾಜಧಾನಿ ವಾಷಿಂಗ್ಟನ್‌ನಲ್ಲೂ ಅಂಥದೊಂದು ತಂಡ ಕಟ್ಟಿದರು. ಪ್ಯಾಟಿ ಜಾನ್ಸನ್ ಅವರೊಂದಿಗೆ ಸೇರಿ 1988ರಲ್ಲಿ ಅದನ್ನು ರಾಷ್ಟ್ರಮಟ್ಟದ ಸಂಸ್ಥೆಯಾಗಿ ಬೆಳೆಸಿದರು. 2000ದಲ್ಲಿ ಹೆಸರು ‘ರೀಬಿಲ್ಡಿಂಗ್ ಟುಗೆದರ್’ ಎಂದು ಬದಲಾಯಿತು. ಇಂದು ಅಮೆರಿಕದ ನೂರಕ್ಕೂ ಹೆಚ್ಚು ಊರುಗಳಲ್ಲಿ ಅದರ ಸ್ಥಳೀಯ ಘಟಕಗಳಿವೆ. ಒಂದೊಂದೂ ತನ್ನ ಊರಿನ ದುಡ್ಡು, ತನ್ನ ಊರಿನ ಜನರನ್ನೇ ನೆಚ್ಚಿಕೊಂಡಿದೆ. ಏಪ್ರಿಲ್ ತಿಂಗಳ ಕೊನೆಯ ಶನಿವಾರ ಬಂತೆಂದರೆ ಅವರಿಗೆ ಹಬ್ಬ. ಬೆಳಕು ಹರಿಯುತ್ತಿದ್ದಂತೆ ಸ್ವಯಂಸೇವಕರು ಏಣಿ, ಸುತ್ತಿಗೆ, ಗರಗಸ ಹೊತ್ತು ಮನೆ ಮನೆಗೆ ಹಂಚಿಹೋಗುತ್ತಾರೆ.

ಈ ಶನಿವಾರದ ಫೋಟೊಗಳನ್ನು ನೋಡಿದರೆ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಇಪ್ಪತ್ತು ಮೂವತ್ತು ಜನ ಕುಂಚ ಹಿಡಿದು ನಗುತ್ತಿರುವುದು ಕಾಣುತ್ತದೆ. ಫೋಟೊದಲ್ಲಿ ಕಾಣದ ಕೆಲಸ ಅದಕ್ಕಿಂತ ದೊಡ್ಡದು. ಅದನ್ನು ಹೊರುವವರಿಗೆ ಆ ಸಂಸ್ಥೆಯಲ್ಲಿ ‘ಹೌಸ್ ಕ್ಯಾಪ್ಟನ್’ ಎನ್ನುತ್ತಾರೆ. ಒಂದು ಮನೆಗೆ ಒಬ್ಬರೋ ಇಬ್ಬರೋ ಕ್ಯಾಪ್ಟನ್. ಸಂಬಳವಿಲ್ಲ. ನಿವೃತ್ತ ಬಡಗಿಗಳಿರಬಹುದು, ಎಂಜಿನಿಯರ್ ಇರಬಹುದು, ಶಾಲಾ ಶಿಕ್ಷಕಿ ಇರಬಹುದು. ಈ ಲೇಖನ ಮುಖ್ಯವಾಗಿ ಅವರ ಕುರಿತಾದದ್ದು. ಮನೆ ರಿಪೇರಿಯಂಥ ಕೆಲಸಕ್ಕೆ ಕೈಗಳು ಎಲ್ಲ ಊರಲ್ಲೂ ಸಿಗುತ್ತವೆ. ಮುಂದೆ ನಿಂತು ಮಾಡಿಸುವವರು ಸಿಗುವುದು ಕಷ್ಟ, ಅಂಥವರನ್ನು ತಯಾರು ಮಾಡುವುದು ಇನ್ನೂ ಕಷ್ಟ.

ಮೊದಲ ಭೇಟಿ

ಕ್ಯಾಪ್ಟನ್ ಕೆಲಸ ಶನಿವಾರಕ್ಕೆ ತಿಂಗಳುಗಳ ಮೊದಲೇ ಶುರುವಾಗುತ್ತದೆ. ಮನೆಯವರು ಅರ್ಜಿ ಹಾಕಿರುತ್ತಾರೆ. ಹೆಚ್ಚಿನವರು ವಯಸ್ಸಾದವರು, ಅಂಗವಿಕಲರು, ಯುದ್ಧಕ್ಕೆ ಹೋಗಿ ಬಂದ ಮಾಜಿ ಸೈನಿಕರು, ಚಿಕ್ಕ ಮಕ್ಕಳ ಬಡ ಸಂಸಾರಗಳು. ಮನೆ ಸ್ವಂತದ್ದು, ಆದರೆ ಅದನ್ನು ನೆಟ್ಟಗೆ ಇಟ್ಟುಕೊಳ್ಳುವ ಆದಾಯವಿಲ್ಲ. ಆಯ್ಕೆಯಾದ ಮನೆಗೆ ಕ್ಯಾಪ್ಟನ್ ಮೊದಲು ಬರಿಗೈಯಲ್ಲಿ ಹೋಗುತ್ತಾರೆ. ಕೂರುತ್ತಾರೆ. ಮಾತಾಡಿಸುತ್ತಾರೆ. ಆಮೇಲೆ ಎದ್ದು ಮನೆ ನೋಡುತ್ತಾರೆ.

ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಸೂರಿನ ಒಳಮೈಯಲ್ಲಿ ಕಂದು ಕಲೆ ಇದೆಯೇ, ಇದ್ದರೆ ಅದು ಹಳೆಯದೋ ಈ ವರ್ಷದ್ದೋ. ಮರದ ನೆಲದ ಮೇಲೆ ಭಾರ ಬಿಟ್ಟು ನಿಂತರೆ ಎಲ್ಲಿ ಕುಗ್ಗುತ್ತದೆ. ವಿದ್ಯುತ್ ಪೆಟ್ಟಿಗೆಯ ತಂತಿಗಳು ಯಾವ ಕಾಲದವು. ಬಚ್ಚಲಿನ ತೊಟ್ಟಿಯ ಅಂಚು ಎಷ್ಟು ಎತ್ತರ, ಆ ಅಂಚು ದಾಟಲು ಕಾಲು ಎತ್ತುವಾಗ ಮನೆಯಾಕೆ ಏನನ್ನು ಹಿಡಿದುಕೊಳ್ಳುತ್ತಾರೆ. ಮನೆ 1978ಕ್ಕಿಂತ ಹಿಂದಿನದಾದರೆ ಗೋಡೆಯ ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಏಕೆಂದರೆ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಬಳಸುವುದನ್ನು ಅಮೆರಿಕ ನಿಷೇಧಿಸಿದ್ದೇ ಆ ವರ್ಷ. ಅಂಥ ಗೋಡೆಯನ್ನು ಉತ್ಸಾಹದ ಹುಡುಗರು ಉಜ್ಜತೊಡಗಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ವಿಷ. ಇದೆಲ್ಲ ಗೊತ್ತಿದ್ದವರೇ ಕ್ಯಾಪ್ಟನ್ ಆಗಬೇಕು, ಗೊತ್ತಿಲ್ಲದಿದ್ದರೆ ಕಲಿತು ಆಗಬೇಕು.

ನೋಡಿದ ಮೇಲೆ ಪಟ್ಟಿ. ಎಷ್ಟು ಹಲಗೆ, ಎಷ್ಟು ಮೊಳೆ, ಎಷ್ಟು ಡಬ್ಬಿ ಬಣ್ಣ. ಯಾವ ಕೆಲಸಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್, ಪ್ಲಂಬರ್ ಬೇಕು, ಅವರಲ್ಲಿ ಯಾರು ಪುಕ್ಕಟೆ ಬಂದಾರು. ಬರುವ ಸ್ವಯಂಸೇವಕರಲ್ಲಿ ಏಣಿ ಹತ್ತಬಲ್ಲವರು ಯಾರು, ಕೂತು ಮಾಡುವ ಕೆಲಸ ಯಾರಿಗೆ ಕೊಡಬೇಕು. ಮಧ್ಯಾಹ್ನದ ಊಟ ಯಾರು ತರುತ್ತಾರೆ. ನಮ್ಮ ಕಡೆಯ ಒಳ್ಳೆಯ ಮೇಸ್ತ್ರಿಗೆ ಇರುವ ಲೆಕ್ಕಾಚಾರವೂ ಬೇಕು, ಮನೆಯ ಹಿರಿಮಗನಿಗೆ ಇರುವ ಅಂತಃಕರಣವೂ ಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಕೆಡುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು, ಏನನ್ನು ಮಾಡುವುದಿಲ್ಲ ಎಂದು ತೀರ್ಮಾನಿಸುವುದು. ದುಡ್ಡಿಗೆ ಮಿತಿಯಿದೆ, ದಿನಕ್ಕೂ ಮಿತಿಯಿದೆ. ಮನೆಯವರಿಗೆ ಅಡುಗೆಮನೆ ಹೊಳೆಯಬೇಕೆಂಬ ಆಸೆ. ಕ್ಯಾಪ್ಟನ್‌ಗೆ ಮೆಟ್ಟಿಲ ಪಕ್ಕದ ಸಡಿಲ ಕೈಹಿಡಿಯದೇ ಚಿಂತೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಬಿಗಿಯಾದ ಕೈಹಿಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಕೈಹಿಡಿಯನ್ನು ಮೊದಲು ಮಾಡಿಸಿ, ಆ ಮೇಲೆ ಉಳಿದ ಹೊತ್ತಿನಲ್ಲಿ ಆ ತಾಯಿಯ ಆಸೆಯ ಬಣ್ಣವನ್ನೂ ಒಂದು ಗೋಡೆಗಾದರೂ ಬಳಿಸಬೇಕು. ಎರಡೂ ಆಗಬೇಕು ಎನ್ನುವುದು ನನ್ನ ಅಭಿಪ್ರಾಯ. ಬಡವರ ಮನೆಗೆ ಚೆಂದ ಬೇಡ, ಗಟ್ಟಿ ಇದ್ದರೆ ಸಾಕು ಎಂದು ಹೊರಗಿನವರು ತೀರ್ಪು ಕೊಡಬಾರದು.

ಶುರು ಮಾಡಿದ್ದನ್ನು ಅಂದೇ ಮುಗಿಸಬೇಕೆಂಬ ಹಟವೂ ಇರಬೇಕು. ಸೂರು ಬಿಚ್ಚಿಟ್ಟು ಹೊತ್ತು ಮುಳುಗಿತೆಂದು ಹೊರಟುಬಿಟ್ಟರೆ ಆ ರಾತ್ರಿ ಒಳಗಿರುವವರ ಗತಿಯೇನು?

ಒಂದು ಇಂಚಿಗೆ ಹನ್ನೆರಡು ಇಂಚು

ಇಂಥ ತಂಡಗಳು ಹೆಚ್ಚಾಗಿ ಮಾಡುವ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಗಾಲಿಕುರ್ಚಿಯವರಿಗೆ ಬಾಗಿಲ ಮುಂದೆ ಇಳಿಜಾರು ಕಟ್ಟುವುದು. ಕೇಳಿದರೆ ಬಹಳ ಸುಲಭ, ಎರಡು ಹಲಗೆ ಅಡ್ಡ ಹಾಕಿದರಾಯಿತು ಅನಿಸುತ್ತದೆ. ಅಲ್ಲಿನ ನಿಯಮದ ಪ್ರಕಾರ ಒಂದು ಇಂಚು ಎತ್ತರ ಏರಲು ಕನಿಷ್ಠ 12 ಇಂಚು ಉದ್ದ ಬೇಕು. ಬಾಗಿಲ ಮುಂದೆ ಏಳೇಳು ಇಂಚಿನ ಮೂರು ಮೆಟ್ಟಿಲಿದ್ದರೆ ಒಟ್ಟು ಎತ್ತರ 21 ಇಂಚು, ಇಳಿಜಾರಿನ ಉದ್ದ 21 ಅಡಿ! ಅಂಗಳ ಅಷ್ಟು ಉದ್ದವಿಲ್ಲದಿದ್ದರೆ ನಡುವೆ ತಿರುವು ಕೊಡಬೇಕು, ತಿರುವಿನಲ್ಲಿ ಕುರ್ಚಿ ಸುತ್ತಲು ಸಮತಟ್ಟಾದ ಜಾಗ ಬಿಡಬೇಕು, ಎರಡೂ ಬದಿ ಕೈಹಿಡಿ ಬೇಕು, ಗಾಲಿ ಜಾರಿಹೋಗದಂತೆ ಅಂಚಿಗೆ ಪಟ್ಟಿ ಬೇಕು. ಮಳೆಗೆ, ಹಿಮಕ್ಕೆ ಜಾರಬಾರದು. ಇಪ್ಪತ್ತು ಜನ ಬೆಳಿಗ್ಗೆ ಶುರುಮಾಡಿ ಸಂಜೆಗೆ ಇಷ್ಟನ್ನು ಮುಗಿಸಬೇಕಾದರೆ ಅಳತೆ ಮೊದಲೇ ಆಗಿರಬೇಕು, ಮರ ಮೊದಲೇ ಬಂದಿರಬೇಕು.

ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಸರಳಿನದೂ ಇದೇ ಕಥೆ. ಅಮೆರಿಕದ ಸಾಮಾನ್ಯ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ. ಮರದ ಕಂಬಗಳ ಮೇಲೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಕಂಬದಿಂದ ಕಂಬಕ್ಕೆ ಸಾಮಾನ್ಯವಾಗಿ 16 ಇಂಚು. ಬರೀ ಹಲಗೆಗೆ ಸ್ಕ್ರೂ ಬಿಗಿದರೆ ಅಜ್ಜ ಜಾರಿ ಹಿಡಿದುಕೊಂಡ ಹೊತ್ತಿಗೆ ಸರಳು ಗೋಡೆಸಮೇತ ಕೈಗೆ ಬರುತ್ತದೆ. ಇಲ್ಲದಿದ್ದರೇ ವಾಸಿ ಅನ್ನುವಂಥ ಅಪಾಯ. ಅದಕ್ಕೇ ಅನುಭವಸ್ಥರು ಬೆರಳ ಗೆಣ್ಣಿನಿಂದ ಗೋಡೆ ಬಡಿಯುತ್ತಾ ಹೋಗುತ್ತಾರೆ. ಟೊಳ್ಳು ಸದ್ದು ನಿಂತು ಗಟ್ಟಿ ಸದ್ದು ಬಂದಲ್ಲಿ ಗುರುತು ಹಾಕುತ್ತಾರೆ. ಹೊಸ ಹುಡುಗನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಆ ಸದ್ದನ್ನು ಕೇಳಿಸುತ್ತಾರೆ. ಮುಂದಿನ ವರ್ಷದ ಕ್ಯಾಪ್ಟನ್ ಹೀಗೆ ತಯಾರಾಗುತ್ತಾನೆ.

ಅಮೆರಿಕದಲ್ಲಿ 65 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರು ಪ್ರತಿವರ್ಷ ಒಮ್ಮೆಯಾದರೂ ಬೀಳುತ್ತಾರೆ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಆಸ್ಪತ್ರೆಯಿಂದ ಶುಶ್ರೂಷಾ ಕೇಂದ್ರಕ್ಕೆ ಹೋಗುವುದೇ ಹೆಚ್ಚು, ಸ್ವಂತ ಮನೆಗೆ ಮರಳುವುದು ಎಲ್ಲರಿಗೂ ಆಗುವುದಿಲ್ಲ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಸಾರಾ ಸ್ಯಾಂಟನ್ ಇದನ್ನು ಹಿಡಿದು ‘ಕೇಪಬಲ್’ ಎಂಬ ಕಾರ್ಯಕ್ರಮ ರೂಪಿಸಿದರು. ಬಡ ಹಿರಿಯರೊಬ್ಬರ ಮನೆಗೆ ಒಬ್ಬ ನರ್ಸ್, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಒಬ್ಬ ರಿಪೇರಿ ಕೆಲಸಗಾರ, ಮೂವರೂ ಕೆಲವು ತಿಂಗಳ ಅವಧಿಯಲ್ಲಿ ಹೋಗಿಬರುತ್ತಾರೆ. ಮೊದಲ ಪ್ರಶ್ನೆ ಕಾಯಿಲೆಯದ್ದಲ್ಲ. ನಿಮಗೆ ಏನು ಮಾಡಬೇಕೆಂದು ಆಸೆಯಿದೆ, ಯಾವುದು ಆಗುತ್ತಿಲ್ಲ ಎಂದು ಕೇಳುತ್ತಾರೆ. ತಾನೇ ಸ್ನಾನ ಮಾಡಬೇಕು, ಮೆಟ್ಟಿಲಿಳಿದು ಚರ್ಚಿಗೆ ಹೋಗಬೇಕು, ಒಲೆ ಮುಂದೆ ನಿಂತು ಅಡುಗೆ ಮಾಡಬೇಕು, ಇಂಥವೇ ಉತ್ತರಗಳು. ಅದಕ್ಕೆ ತಕ್ಕಂತೆ ರಿಪೇರಿ. ಒಬ್ಬರಿಗೆ ಒಟ್ಟು ಸುಮಾರು 3,000 ಡಾಲರ್ ಖರ್ಚಾದರೆ, ಆಸ್ಪತ್ರೆ ಹಾಗೂ ಆರೈಕೆಯ ವೆಚ್ಚದಲ್ಲಿ ಅದರ ಹಲವು ಪಟ್ಟು ಉಳಿಯಿತೆಂದು ಅಧ್ಯಯನಗಳು ತೋರಿಸಿದವು. ಬಡಗಿಯ ಕೆಲಸವೂ ವೈದ್ಯವೇ ಎಂದು ವಿಶ್ವವಿದ್ಯಾಲಯವೊಂದು ಲೆಕ್ಕಸಮೇತ ಹೇಳಿದ್ದು ನನಗೆ ಬಹಳ ಮುಖ್ಯವೆನಿಸುತ್ತದೆ.

ಬೆಟ್ಟದ ಊರುಗಳಲ್ಲಿ

ಪೂರ್ವ ಅಮೆರಿಕದ ಅಪಲೇಷಿಯಾ ಬೆಟ್ಟಸಾಲು ಕಲ್ಲಿದ್ದಲ ಗಣಿಗಳ ನಾಡು. ಗಣಿಗಳು ಮುಚ್ಚಿದಂತೆಲ್ಲ ಬಡತನ ಹೆಚ್ಚಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಯುದ್ಧ ಸಾರಿದ 1964ರಲ್ಲಿ ಕೆಂಟಕಿಯ ಐನೆಜ್ ಎಂಬ ಊರಿಗೆ ಹೋಗಿ ಒಂದು ಬಡ ಕುಟುಂಬದ ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಚಿತ್ರ ಇಂದಿಗೂ ಅಚ್ಚಾಗುತ್ತಿರುತ್ತದೆ. ಐದು ವರ್ಷದ ನಂತರ, 1969ರಲ್ಲಿ, ಅದೇ ಕೆಂಟಕಿಯ ಬಾರ್ಬರ್‌ವಿಲ್‌ನಲ್ಲಿ ‘ಟೆಕ್ಸ್’ ಎಂದೇ ಕರೆಸಿಕೊಳ್ಳುತ್ತಿದ್ದ ಪಾದ್ರಿ ಗ್ಲೆನ್ ಇವಾನ್ಸ್ 50 ಮಂದಿ ಹದಿಹರೆಯದವರು ಮತ್ತು ಹಿರಿಯರನ್ನು ಕರೆತಂದು ನಾಲ್ಕು ಮನೆಗಳನ್ನು ರಿಪೇರಿ ಮಾಡಿಸಿದರು. ‘ಅಪಲೇಷಿಯಾ ಸರ್ವಿಸ್ ಪ್ರಾಜೆಕ್ಟ್’ ಹುಟ್ಟಿದ್ದು ಹಾಗೆ. ಅವರ ಗುರಿ ಬೆಚ್ಚಗೆ, ಸುರಕ್ಷಿತವಾಗಿ, ಒದ್ದೆಯಿಲ್ಲದೆ ಇರುವ ಮನೆ. ಇಷ್ಟೇ. ಇದಕ್ಕಿಂತ ಸರಳವಾಗಿ ಮನೆಯೆಂದರೇನೆಂದು ಹೇಳಿದವರನ್ನು ನಾನು ಕಂಡಿಲ್ಲ.

ಪ್ರತಿ ಬೇಸಿಗೆಯಲ್ಲಿ ಸಾವಿರಾರು ಹೈಸ್ಕೂಲ್ ಮಕ್ಕಳು, ಜೊತೆಗೆ ಅವರ ಊರಿನ ದೊಡ್ಡವರು, ಶುಲ್ಕವನ್ನೂ ತಾವೇ ಕಟ್ಟಿ ಈ ಬೆಟ್ಟದ ಊರುಗಳಿಗೆ ಬಂದು ಒಂದು ವಾರ ಶಾಲೆಗಳ ನೆಲದಲ್ಲಿ ಮಲಗಿ ಕೆಲಸ ಮಾಡುತ್ತಾರೆ. ಊರಿನಲ್ಲಿ ಬೇಸಿಗೆಯುದ್ದಕ್ಕೂ ಇದ್ದು ಮನೆ ಆರಿಸುವುದು, ಸಾಮಾನು ತರಿಸುವುದು, ಈ ವಾರದ ತಂಡ ಬಿಟ್ಟ ಕೆಲಸವನ್ನು ಮುಂದಿನ ವಾರದ ತಂಡಕ್ಕೆ ಒಪ್ಪಿಸುವುದು ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು. ಇಪ್ಪತ್ತರ ಆಜುಬಾಜಿನವರಿಗೆ ಇಷ್ಟು ಜವಾಬ್ದಾರಿ ಕೊಡುವ ಧೈರ್ಯವನ್ನು ಮೆಚ್ಚಬೇಕು.

ಅಲ್ಲಿ ಬಡವರ ಮನೆಯೆಂದರೆ ಬಹಳ ಕಡೆ ‘ಮೊಬೈಲ್ ಹೋಮ್’, ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಹಿಂದೆ ಬಂದ ಉದ್ದನೆಯ ಪೆಟ್ಟಿಗೆಮನೆ. ಅದರ ನೆಲ ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಕೊಳಾಯಿ ಸೋರಿ ಒಮ್ಮೆ ಒದ್ದೆಯಾಯಿತೆಂದರೆ ಉಬ್ಬಿ, ಮೆತ್ತಗಾಗಿ, ಒಂದು ದಿನ ಕಾಲು ಒಳಗೇ ಹೋಗುತ್ತದೆ. ಹುಡುಗರು ಆ ಹಲಗೆ ಕಿತ್ತು, ಕೆಳಗಿನ ಚೌಕಟ್ಟಿಗೆ ಬಲ ಕೊಟ್ಟು, ಹೊಸ ಪ್ಲೈವುಡ್ ಹಾಸುತ್ತಾರೆ. ಅಲ್ಲಿಯವರೆಗೆ ಮನೆಯವರು ಅದೇ ಮನೆಯಲ್ಲೇ ಇರುತ್ತಾರೆ, ಮಕ್ಕಳೊಂದಿಗೆ ಊಟ ಮಾಡುತ್ತಾರೆ, ಕಥೆ ಹೇಳುತ್ತಾರೆ. ಜನ ಹೇಗಿದ್ದಾರೋ ಹಾಗೇ ಒಪ್ಪಿಕೊಳ್ಳಬೇಕು, ಯಾಕೆ ಹೀಗಾಯಿತು ಎಂದು ವಿಚಾರಣೆ ಮಾಡಕೂಡದು ಎನ್ನುವುದು ಟೆಕ್ಸ್ ಇವಾನ್ಸ್ ಅವರ ಕಾಲದಿಂದ ಬಂದ ರೀತಿ.

ಕತ್ರಿನಾ ಚಂಡಮಾರುತದ ನಂತರದ ನ್ಯೂ ಆರ್ಲಿಯನ್ಸ್ ಕಥೆ ಬೇರೆ ಬಗೆಯದು. 2005ರ ಆಗಸ್ಟ್ 29ರಂದು ಬಂದ ಆ ಪ್ರಳಯದಲ್ಲಿ ಪಕ್ಕದ ಸೇಂಟ್ ಬರ್ನಾರ್ಡ್ ಪ್ಯಾರಿಷ್‌ನ ಬಹುತೇಕ ಎಲ್ಲ ಮನೆಗಳೂ ಮುಳುಗಿದ್ದವು. ವಾಷಿಂಗ್ಟನ್‌ನಿಂದ ಲಿಜ್ ಮೆಕಾರ್ಟ್ನಿ ಮತ್ತು ಝ್ಯಾಕ್ ರೋಸನ್‌ಬರ್ಗ್ 2006ರಲ್ಲಿ ಕೆಲವು ವಾರ ಸೇವೆ ಮಾಡಿ ಹೋಗಲು ಬಂದರು. ಆಕೆ ಶಿಕ್ಷಕಿ, ಆತ ವಕೀಲ. ಇಬ್ಬರಿಗೂ ಕಟ್ಟಡದ ಕೆಲಸ ಗೊತ್ತಿರಲಿಲ್ಲ. ಸ್ಥಿತಿ ನೋಡಿ ಅಲ್ಲೇ ನೆಲೆಸಿ ‘ಸೇಂಟ್ ಬರ್ನಾರ್ಡ್ ಪ್ರಾಜೆಕ್ಟ್’ ಕಟ್ಟಿದರು. ಮೆಕಾರ್ಟ್ನಿಯವರನ್ನು ಸಿಎನ್‌ಎನ್ 2008ರ ವರ್ಷದ ಹೀರೊ ಎಂದು ಆರಿಸಿತು. ಪ್ರಶಸ್ತಿಗಿಂತ ನನ್ನ ಗಮನ ಸೆಳೆದದ್ದು ಆಮೇಲಿನ ಘಟನೆ. ಟೊಯೊಟಾ ಕಂಪನಿಯ ತಜ್ಞರು ಬಂದು, ಕಾರು ತಯಾರಿಕೆಯ ತಮ್ಮ ಶಿಸ್ತನ್ನು ಈ ಮನೆ ಕೆಲಸಕ್ಕೆ ಹೊಂದಿಸಿಕೊಟ್ಟರು. ಎಲ್ಲಿ ಕೆಲಸ ನಿಲ್ಲುತ್ತಿದೆ, ಯಾಕೆ ಸಾಮಾನು ತಡವಾಗುತ್ತಿದೆ ಎಂದು ಹುಡುಕಿ ಸರಿಪಡಿಸಿದ್ದರಿಂದ ಒಂದು ಮನೆ ಮುಗಿಸುವ ಕಾಲ ಸುಮಾರು ಅರ್ಧಕ್ಕಿಳಿಯಿತು. ಟೆಂಟಿನಲ್ಲೋ ಟ್ರೇಲರ್‌ನಲ್ಲೋ ಕಾಯುತ್ತಿರುವ ಸಂಸಾರಕ್ಕೆ ಎರಡು ತಿಂಗಳು ಬೇಗ ಮನೆ ಸಿಗುವುದೆಂದರೆ ಸಣ್ಣ ಮಾತೇ? ಒಳ್ಳೆಯ ಮನಸ್ಸಿದ್ದರೆ ಅಚ್ಚುಕಟ್ಟುತನ ಇಲ್ಲದಿದ್ದರೂ ನಡೆಯುತ್ತದೆ ಎಂಬ ಉದಾಸೀನ ಸೇವಾಕ್ಷೇತ್ರದಲ್ಲಿ ಎಲ್ಲೆಡೆ ಇದೆ. ಅದು ತಪ್ಪು.

ಸೇವೆಯಿಂದ ಮನೆ ಕಟ್ಟುವ ಮಾತು ಬಂದಾಗ ಜಿಮ್ಮಿ ಕಾರ್ಟರ್ ಹೆಸರು ಬಾರದೆ ಇರುವುದಿಲ್ಲ. ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ 1976ರಲ್ಲಿ ಜಾರ್ಜಿಯಾದಲ್ಲಿ ಸ್ಥಾಪಿಸಿದ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ಯೊಂದಿಗೆ ಕಾರ್ಟರ್ ದಂಪತಿ 1984ರಿಂದ ಕೈಜೋಡಿಸಿದರು. 2006ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಲೋಣಾವಳಾ ಬಳಿ 100 ಮನೆ ಕಟ್ಟುವ ಕೆಲಸಕ್ಕೂ ಬಂದಿದ್ದರು. 2019ರಲ್ಲಿ, 95ರ ವಯಸ್ಸಿನಲ್ಲಿ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು, ಕಪ್ಪುಗಟ್ಟಿದ ಕಣ್ಣಿನಲ್ಲೇ ನ್ಯಾಶ್‌ವಿಲ್‌ಗೆ ಹೋಗಿ ಕೆಲಸಕ್ಕೆ ನಿಂತರು. ಅವರ ಕೆಲಸ ಹೆಚ್ಚಾಗಿ ಹೊಸ ಮನೆಗಳದ್ದು. ಹಳೆಯ ಮನೆ ಉಳಿಸುವವರಿಗೆ ಅಷ್ಟು ದೊಡ್ಡ ಹೆಸರಿನ ಬೆಂಬಲ ಸಿಕ್ಕಿದ್ದು ಕಡಿಮೆ.

ಕಡತಕ್ಕೆ ಕಾಣದ ಸೋರಿಕೆ

ಇಲ್ಲಿಗೆ ಇನ್ನೊಂದು ಮುಖ್ಯ ವಿಷಯಕ್ಕೆ ಬಂದೆವು. ಸರ್ಕಾರಗಳಿಗೆ ಹೊಸ ಮನೆ ಕಾಣುತ್ತದೆ, ಬಿದ್ದ ಮನೆಯೂ ಕಾಣುತ್ತದೆ. ಇವೆರಡರ ನಡುವೆ ಸೋರುತ್ತಾ ನಿಂತಿರುವ ಮನೆ ಕಾಣುವುದಿಲ್ಲ. ಅಮೆರಿಕದಲ್ಲಿ ಹಳ್ಳಿಗಾಡಿನ ಬಡ ಮನೆಯೊಡೆಯರಿಗೆ ರಿಪೇರಿ ಸಾಲ ಕೊಡುವ ಕೃಷಿ ಇಲಾಖೆಯ ಯೋಜನೆ ಇದೆ, 62 ದಾಟಿದವರಿಗೆ ಅನುದಾನವೂ ಇದೆ. ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಹೊದಿಕೆ ಹಾಕಿಸಿಕೊಡುವ ಯೋಜನೆ 1976ರಿಂದ ಇದೆ. ಆದರೆ ಮಾಡು ಸೋರುತ್ತಿದ್ದರೆ ಆ ಹೊದಿಕೆ ಹಾಕಲಾಗದು, ಮೊದಲು ಮಾಡು ಸರಿಮಾಡಿಸಿಕೊಂಡು ಬನ್ನಿ ಎಂದು ಅರ್ಜಿ ಬದಿಗಿಡುತ್ತಾರೆ. ಮಾಡು ಸರಿಮಾಡಿಸುವ ಶಕ್ತಿ ಇದ್ದಿದ್ದರೆ ಅವರು ಅರ್ಜಿ ಯಾಕೆ ಹಾಕುತ್ತಿದ್ದರು? ದೇಶದ ಮನೆಗಳ ಬಾಕಿ ಉಳಿದ ರಿಪೇರಿಗೆ ಒಟ್ಟು ಎಷ್ಟು ಬೇಕೆಂದು ಫಿಲಡೆಲ್ಫಿಯಾದ ಫೆಡರಲ್ ರಿಸರ್ವ್ ಬ್ಯಾಂಕ್ 2022ಕ್ಕೆ ಅಂದಾಜು ಮಾಡಿದಾಗ ಬಂದ ಮೊತ್ತ ಸುಮಾರು 149 ಬಿಲಿಯನ್ ಡಾಲರ್. ಇದು ಶನಿವಾರದ ಸ್ವಯಂಸೇವಕರು ಕುಂಚ ಹಿಡಿದು ಮುಗಿಸುವ ಬಾಬತ್ತಲ್ಲ.

ಇದನ್ನು ಕಂಡು ಮಾತಾಡಿದವರಲ್ಲಿ ಒಬ್ಬರು ಪೆನ್ಸಿಲ್ವೇನಿಯಾ ರಾಜ್ಯದ ಸೆನೆಟರ್ ನಿಖಿಲ್ ಸಾವಲ್. ಇವರ ತಂದೆತಾಯಿ ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಲೇಖಕ, ಪತ್ರಿಕಾ ಸಂಪಾದಕರಾಗಿದ್ದ ಸಾವಲ್ 2020ರಲ್ಲಿ ಫಿಲಡೆಲ್ಫಿಯಾದಿಂದ ಆರಿಸಿಬಂದರು. ಅವರು ಮುಂದಿಟ್ಟ ‘ಹೋಲ್ ಹೋಮ್ ರಿಪೇರ್ಸ್’ ಯೋಜನೆಗೆ 2022ರಲ್ಲಿ ಎರಡೂ ಪಕ್ಷದವರು ಒಪ್ಪಿ 12.5 ಕೋಟಿ ಡಾಲರ್ ಮಂಜೂರಾಯಿತು. ಬಡ ಹಾಗೂ ಕೆಳಮಧ್ಯಮ ವರ್ಗದ ಮನೆಯೊಡೆಯರಿಗೆ 50,000 ಡಾಲರ್‌ವರೆಗೆ ಅನುದಾನ, ಜೊತೆಗೆ ರಿಪೇರಿ ಕೆಲಸ ಕಲಿಯುವ ಯುವಕರಿಗೆ ತರಬೇತಿ. ಅರ್ಜಿಗಳು ಹಣವನ್ನು ಮೀರಿ ಹರಿದುಬಂದವು. ಗ್ರಾಮಾಂತರದ ಕೌಂಟಿಗಳಲ್ಲೂ ಕಾಯುವವರ ಪಟ್ಟಿ ಬೆಳೆಯಿತು. ಅಗತ್ಯ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಫಿಲಡೆಲ್ಫಿಯಾದಲ್ಲಿ ಇನ್ನೊಂದು ತೊಡಕು ಕಂಡಿತು. ಅದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಅಜ್ಜನ ಹೆಸರಿನಲ್ಲಿರುವ ಮನೆ, ಅಜ್ಜ ತೀರಿ ಎಷ್ಟೋ ವರ್ಷ, ವಾಸ ಮಾಡುತ್ತಿರುವ ಮೊಮ್ಮಗಳ ಹೆಸರಿಗೆ ಕಾಗದ ಆಗಿಲ್ಲ. ಆ ಒಂದೇ ನಗರದಲ್ಲಿ ಇಂಥ 10,000ಕ್ಕೂ ಹೆಚ್ಚು ಮನೆಗಳಿವೆ ಎಂದು ಪ್ಯೂ ಸಂಸ್ಥೆ 2021ರಲ್ಲಿ ವರದಿ ಮಾಡಿತು. ಕಾಗದವಿಲ್ಲದಿದ್ದರೆ ರಿಪೇರಿ ಅನುದಾನವಿಲ್ಲ, ವಿಮೆಯಿಲ್ಲ. ನಮ್ಮಲ್ಲಿ ಪೌತಿ ಖಾತೆ ಆಗದೆ ಪರಿಹಾರದ ಅರ್ಜಿ ಮೂಲೆಗೆ ಬೀಳುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಅಲ್ಲಿ ಬಡಗಿಯ ಜೊತೆ ಪುಕ್ಕಟೆ ಕೆಲಸ ಮಾಡುವ ವಕೀಲರೂ ಬೇಕಾದರು.

ನಮ್ಮ ಕಡತವನ್ನೂ ಒಮ್ಮೆ ನೋಡಬೇಕು. ಪ್ರಕೃತಿ ವಿಕೋಪಕ್ಕೆ ಕೇಂದ್ರ 2022ರಲ್ಲಿ ನಿಗದಿಪಡಿಸಿದ ಮಾರ್ಗಸೂಚಿಯಂತೆ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000. ಅದೂ ಹಾನಿ ಶೇ 15ನ್ನು ಮುಟ್ಟಿದರೆ ಮಾತ್ರ. 2019ರ ಪ್ರವಾಹದ ನಂತರ ನಮ್ಮ ರಾಜ್ಯ ಪೂರ್ತಿ ಬಿದ್ದ ಮನೆಗೆ 5 ಲಕ್ಷದವರೆಗೆ ಕೊಟ್ಟದ್ದು ನಿಜ, ಅದು ದೊಡ್ಡ ಮನಸ್ಸು. ಆದರೆ ಶೇ 15ಕ್ಕಿಂತ ಕಡಿಮೆಯ ಹಾನಿ, ಅಂದರೆ ನಾಲ್ಕು ಹಂಚು ಹಾರಿ ರೀಪು ಕೊಳೆತು ಗೋಡೆಗೆ ನೀರು ಇಳಿಯುತ್ತಿರುವ ಮನೆ, ಯಾವ ವರ್ಗಕ್ಕೂ ಸೇರುವುದಿಲ್ಲ. ಗೋಡೆ ಮಣ್ಣಿನದಾದರೆ ಎರಡು ಮಳೆಗಾಲದಲ್ಲಿ ಅದು ತಾನಾಗಿ ಲಕ್ಷದ ವರ್ಗಕ್ಕೆ ಬಂದು ಬೀಳುತ್ತದೆ. ಅಷ್ಟರಲ್ಲಿ ಒಳಗಿದ್ದವರ ಜೀವಕ್ಕೇ ಸಂಚಕಾರ. ಪ್ರತಿ ಮಳೆಗಾಲದಲ್ಲೂ ಗೋಡೆ ಕುಸಿದು ಮೃತಪಟ್ಟವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅವರಲ್ಲಿ ಎಷ್ಟೋ ಮಂದಿ ಆ ಗೋಡೆ ಹಿಂದಿನ ವರ್ಷವೇ ಬಿರುಕು ಬಿಟ್ಟದ್ದನ್ನು ನೋಡುತ್ತಾ ಮಲಗಿದ್ದವರು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದಕ್ಕೊಂದು ಪದ್ಧತಿ ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯುವ ಮೊದಲು ಸೋಗೆಯ, ಹುಲ್ಲಿನ ಮಾಡುಗಳೇ ಹೆಚ್ಚು. ವರ್ಷ ವರ್ಷ ಹೊದೆಸಬೇಕು, ಒಬ್ಬರಿಂದ ಆಗುವಂಥದ್ದಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಕೇರಿಯವರೆಲ್ಲ ಇಂದು ನಿಮ್ಮನೆ, ನಾಳೆ ನಮ್ಮನೆ ಎಂದು ಮುಗಿಸುತ್ತಿದ್ದರು. ಹಂಚು ಬಂದ ಮೇಲೂ ಮಳೆಗೆ ಮೊದಲು ‘ಹಂಚು ಕೈಯಾಡಿಸುವುದು’ ತಪ್ಪಲಿಲ್ಲ. ಹಂಚು ತೆಗೆದು, ಸಂದಿಯ ತರಗೆಲೆ, ಧೂಳು ಕೊಡವಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹಿಡಿದ ರೀಪು ಕಿತ್ತು ಹೊಸದು ಹೊಡೆದು, ಮತ್ತೆ ಕೂರಿಸುವುದು. ಈಗ ಆ ಮನೆಗಳಲ್ಲಿ ಉಳಿದಿರುವುದು ಎಪ್ಪತ್ತು ದಾಟಿದ ಇಬ್ಬರು, ಎಷ್ಟೋ ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ಮಾಡು ಹತ್ತುವ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡುವ ಶಕ್ತಿಯಿಲ್ಲ. ನೀಲಿ ಟಾರ್ಪಾಲು ಎಳೆದು ಮೇಲೆ ಕಲ್ಲು ಹೇರಿದ ಮಾಡುಗಳು ಘಟ್ಟದ ಮೇಲೂ ಕೆಳಗೂ ಹೆಚ್ಚುತ್ತಿರುವುದು ಇದೇ ಕಾರಣಕ್ಕೆ.

ನಮಗೆ ಕೈಗಳ ಕೊರತೆಯಿಲ್ಲ. ರಾಷ್ಟ್ರೀಯ ಸೇವಾ ಯೋಜನೆ, ಅದೇ ಎನ್‌ಎಸ್‌ಎಸ್, ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಟೆಕ್ಸ್ ಇವಾನ್ಸ್ ಬಾರ್ಬರ್‌ವಿಲ್‌ಗೆ ಹುಡುಗರನ್ನು ಕರೆತಂದ ವರ್ಷವೇ. ಪ್ರತಿ ಕಾಲೇಜಿನ ಘಟಕವೂ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ ಮಾಡುತ್ತದೆ. ರಸ್ತೆ ಗುಡಿಸುವುದು, ಶಾಲೆಯ ಆವರಣ ಸ್ವಚ್ಛ ಮಾಡುವುದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಎಲ್ಲವೂ ಇರಲಿ. ಅದರಲ್ಲಿ ಎರಡು ದಿನ ಆ ಊರಿನ ನಾಲ್ಕು ಬಡ ಹಿರಿಯರ ಮಾಡಿಗೆ ಮೀಸಲಿಟ್ಟರೆ ಏನು ಕಷ್ಟ? ಐಟಿಐನಲ್ಲಿ ಕೊಳಾಯಿ, ವಿದ್ಯುತ್, ಮರಗೆಲಸ ಕಲಿಯುವ ಹುಡುಗರನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಯುವಕ ಮಂಡಲಗಳಿವೆ, ಸ್ತ್ರೀಶಕ್ತಿ ಸಂಘಗಳಿವೆ, ಊರಿನ ಹಳೆಯ ಮೇಸ್ತ್ರಿಗಳಿದ್ದಾರೆ. ಕೈಲಾಗದಿದ್ದರೂ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುವಷ್ಟು ಕೆಲಸ ಅವರ ತಲೆಯಲ್ಲಿದೆ. ಅವರನ್ನು ಕರೆದವರಿಲ್ಲ, ಅಷ್ಟೇ. ಗ್ರಾಮ ಪಂಚಾಯಿತಿಯೂ ಹಾನಿಯ ಪಟ್ಟಿಯನ್ನು ಮಳೆ ಹೊಡೆದ ಮೇಲೆ ಮಾಡುವ ಬದಲು ಮೇ ತಿಂಗಳಲ್ಲೇ ಅಪಾಯದ ಮನೆಗಳ ಪಟ್ಟಿ ಮಾಡಿಟ್ಟರೆ ಈ ತಂಡಗಳಿಗೆ ಎಲ್ಲಿಂದ ಶುರು ಮಾಡಬೇಕೆಂಬುದು ಗೊತ್ತಾಗುತ್ತದೆ. ಸಾಮಾನಿನ ಖರ್ಚಿಗೆ ಸರ್ಕಾರ ಒಂದು ಸಣ್ಣ ನಿಧಿ ಇಡಲೇಬೇಕು. ಜನರ ಸೇವೆಯನ್ನು ತೋರಿಸಿ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಬಾರದು.

ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಅಡ್ಡ ಹಲಗೆ ಹಾಕಿಯೇ ಹತ್ತಿ. ಒದ್ದೆ ಮಾಡಿಗೆ ಹತ್ತಲೇಬೇಡಿ. ಮೇನ್ ಸ್ವಿಚ್ ಆಫ್ ಮಾಡದೆ ತಂತಿ ಮುಟ್ಟಬೇಡಿ. ತಿಳಿದ ಒಬ್ಬ ಮೇಸ್ತ್ರಿ ಕೆಳಗೆ ನಿಂತಿರದೆ ಹುಡುಗರನ್ನು ಮೇಲೆ ಕಳಿಸಬೇಡಿ.

ನಿಮ್ಮ ಕೇರಿಯಲ್ಲಿ ಒಬ್ಬೊಂಟಿಯಾಗಿರುವ ಹಿರಿಯರ ಮನೆ ಯಾವುದೆಂದು ನಿಮಗೆ ಗೊತ್ತೇ ಇರುತ್ತದೆ. ಈ ವಾರ ಬಿಡುವು ಮಾಡಿಕೊಂಡು ಬರಿಗೈಯಲ್ಲಿ ಹೋಗಿ, ಕೂತು ಮಾತಾಡಿಸಿ, ಎಲ್ಲಿ ಸೋರುತ್ತದೆ ಅಜ್ಜಿ ಎಂದು ಕೇಳಿ. ಆಮೇಲೆ ನಾಲ್ಕು ಜನರನ್ನು ಕೂಡಿಸಿ. ರೋಹಿಣಿ ಮಳೆ ಹಿಡಿಯುವುದು ಮೇ ಕೊನೆಗೆ. ಅದಕ್ಕೆ ಮೊದಲು ಆ ಮಾಡಿನ ಕೆಲಸ ಮುಗಿಸಿಕೊಡಿ.